ಬಸಿಗಾಲುವೆ ನೌಕಾಯಾನ ಮೀಮಾಂಸೆ

ಶಾಸ್ತ್ರವೆನ್ನಿಸಿಕೊಳ್ಳಬಯಸುವ ಯಾವ ಗ್ರಂಥವೇ ಆಗಲಿ ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ಅನುಬಂಧಗಳು ನಾಲ್ಕನ್ನೂ ಮೊದಲಿಗೇ ಅರುಹತಕ್ಕದ್ದೆಂಬುದು ಪ್ರಾಚೀನರ ಕಟ್ಟಳೆ. ತದನುಸಾರವಾಗಿ ಇಲ್ಲಿಯ ವಿಷಯವು ಶಿರಸಿ ಸೀಮೆಯ ಅಡಿಕೆ ತೋಟದ ಬಸಿಗಾಲುವೆಯಲ್ಲಿ ನೌಕಾವಿಹಾರ, ಅಧಿಕಾರಿಯು ಅಪ್ಪೆಹುಳಿಯಲ್ಲಿ ಹೊಟ್ಟೆ ತುಂಬ ಉಂಡು, ಕವಳ ಹಾಕಿ, ಮರುದಿನದ ಬಸ್ಸಿನವರೆಗೆ ಬೇರಾವ ಕೆಲಸವೂ ಇಲ್ಲದ ಅತಿಥಿ, ಸಂಬಂಧವು ದೂರದ್ದು, ಪ್ರಯೋಜನವು ಇನ್ನೂ ವಿಚಾರಾರ್ಹ.

ಅಥ ಪೂರ್ವಪಕ್ಷ. ಬೆಂಗಳೂರಿನಿಂದ ಶ್ರಾವಣದಲ್ಲಿ ಆಗಮಿಸಿದ ಮಿತ್ರರಿಬ್ಬರು, ತಾವು ಕೇರಳದ ಆಲಪ್ಪುಳದ ಕಾಲುವೆಗಳಲ್ಲಿ ಇಡೀ ದಿನ ತೇಲಿದ ವೃತ್ತಾಂತವನ್ನು ಮೂರನೆಯ ಬಾರಿ ಬಣ್ಣಿಸಿದ ತರುವಾಯ, ಇಷ್ಟೊಂದು ಮಳೆ ಸುರಿಯುವ ಊರಿನಲ್ಲಿ ಒಂದು ದೋಣಿಯಾದರೂ ಇಲ್ಲದಿರುವುದು ಜನರ ಆಲಸ್ಯವಲ್ಲದೆ ಮತ್ತೇನೆಂದು ಆಕ್ಷೇಪಿಸಿದರು.

ಸಮಾಧಾನ: ಆಲಸ್ಯವು ಜನರದಲ್ಲ, ದೋಷವಿರುವುದು ನದಿಗಳ ಆತುರದಲ್ಲಿ. ಶರಾವತಿಯು ಸಿದ್ದಾಪುರದ ಗಡಿಯಲ್ಲಿ, ಜೋಗದಲ್ಲಿ, 253 ಮೀಟರು ಹಾರುತ್ತಾಳೆ. ಶಿರಸಿಯ ಶಂಕರಹೊಂಡದಲ್ಲಿ ಸಾಧುವಾಗಿ ಹುಟ್ಟಿದ ಅಘನಾಶಿನಿಯು ಉಂಚಳ್ಳಿಗೆ ಬರುವಷ್ಟರಲ್ಲಿ 116 ಮೀಟರು ಧುಮುಕುವ ಧೈರ್ಯ ಗಳಿಸುತ್ತಾಳೆ. ಯಲ್ಲಾಪುರದ ಮಾಗೋಡಿನಲ್ಲಿ ಬೇಡ್ತಿಯದೂ ಅದೇ ಹಟ. ಗಣಿತ ಬಲ್ಲ ಮಿತ್ರನೊಬ್ಬನು ಅಲ್ಲಿಯೇ ಲೆಕ್ಕ ಹಾಕಿ, ಜೋಗದ ಮೂಲಕ ಘಟ್ಟ ಇಳಿಯುವ ನೌಕೆಗೆ ಏಳು ಸೆಕೆಂಡುಗಳಿಗಿಂತ ತುಸುವೇ ಹೆಚ್ಚು ಕಾಲ ಸಾಕೆಂದು ನಿರ್ಣಯಿಸಿದನು. ಅಷ್ಟು ಕ್ಷಿಪ್ರವಾದುದನ್ನು ವಿಹಾರವೆನ್ನಲಾಗದು. ಸರಕಾರವು 2016ರ ಕಾಯಿದೆಯಿಂದ 111 ರಾಷ್ಟ್ರೀಯ ಜಲಮಾರ್ಗಗಳನ್ನು ಹೆಸರಿಸಿ, ಅವುಗಳಲ್ಲಿ ಕಾಳಿಯನ್ನೂ ಶರಾವತಿಯನ್ನೂ ಸೇರಿಸಿರುವುದು ನಿಜವಾದರೂ, ನಮ್ಮ ತೋಟದ ಕಾಲುವೆಯು ಆ ಪಟ್ಟಿಯಿಂದ ಹೇಗೆ ತಪ್ಪಿತೆಂಬುದು ತಿಳಿಯದು.

ಅಡಿಕೆಯ ಬೇರು ನಿಂತ ನೀರನ್ನು ಸಹಿಸದಾದ್ದರಿಂದ ನಮ್ಮ ಹಿರಿಯರು ಕಣಿವೆಯ ತೋಟಗಳಲ್ಲಿ ಮರಗಳ ಸಾಲುಗಳ ನಡುನಡುವೆ ಕಾಲುವೆ ತೋಡಿದರು. ನೀರನ್ನು ಹೊರಹಾಕಲೆಂದೇ ಹುಟ್ಟಿದ ಈ ಕಾಲುವೆಯಲ್ಲಿ ನೀರನ್ನು ಹುಡುಕಿಕೊಂಡು ಹೊರಟವರು ಬಹುಶಃ ನಾವೇ ಮೊದಲಿಗರು. ಅಗಲ ಎರಡು ಅಡಿ, ಆಳ ಮೊಣಕಾಲು, ಕೆಸರನ್ನು ಸೇರಿಸಿದರೆ ತೊಡೆ. ನೌಕೆಯು ಅಟ್ಟದಲ್ಲಿ ಒಣಗಿಸಿಟ್ಟಿದ್ದ ಅಡಿಕೆ ಹಾಳೆ. ಮಕ್ಕಳು ಇದರ ಮೇಲೆ ಕುಳಿತು ಅಂಗಳದಲ್ಲೆಲ್ಲ ಎಳೆಸಿಕೊಳ್ಳುವುದು ಲೋಕಪ್ರಸಿದ್ಧವಾದುದರಿಂದ, ಸ್ಥಲದಲ್ಲಿ ಚಲಿಸುವುದು ಜಲದಲ್ಲಿಯೂ ಚಲಿಸಲೇಬೇಕೆಂಬ ಅನುಮಾನಪ್ರಮಾಣವನ್ನು ಆಶ್ರಯಿಸಿ, ಇಬ್ಬರಲ್ಲಿ ಸ್ಥೂಲಕಾಯನಾದವನು ಅದರಲ್ಲಿ ಆಸೀನನಾದನು.

ನೌಕೆಯು ಚಲಿಸಲಿಲ್ಲ. ತಳವು ಕೆಸರಿನಲ್ಲಿ ಸ್ಥಿರವಾಗಿ ನೆಲೆಗೊಂಡಿತು. ಇಲ್ಲಿ ಮತಭೇದವುಂಟಾಯಿತು: ನೌಕೆ ಚಲಿಸದಿದ್ದರೆ ಯಾನವೆಲ್ಲಿಯದೆಂದು ಸಂಕದ ಮೇಲೆ ನಿಂತ ಮಿತ್ರನ ವಾದ, ನೀರು ತನ್ನ ಎರಡೂ ಪಕ್ಕದಲ್ಲಿ ಹಿಂದಕ್ಕೆ ಹರಿಯುತ್ತಿರುವುದು ಪ್ರತ್ಯಕ್ಷವಾಗಿರುವುದರಿಂದ ತಾನು ಮುಂದಕ್ಕೆ ಹೋಗುತ್ತಿರುವುದು ಸಿದ್ಧವೆಂದು ಆಸೀನನ ಪ್ರತಿವಾದ. ನನಗೆ ಎರಡನೆಯ ಪಕ್ಷವೇ ಸಮ್ಮತ. ಆಲಪ್ಪುಳದಲ್ಲಿ ಸಹ ಯಾರೂ ಎಲ್ಲಿಗೂ ಹೋಗುವುದಿಲ್ಲವೆಂದು ಅವರ ವರ್ಣನೆಯಿಂದಲೇ ತಿಳಿದಿದ್ದೆನು.

ವಾದವು ಮುಕ್ಕಾಲು ಗಂಟೆ ಬೆಳೆದಿರಲು ಉಂಬಳಗಳೆಂಬ ಸುಂಕಾಧಿಕಾರಿಗಳು ಹಾಜರಾದರು. ಒಂದು ಎಕರೆ ತೋಟಕ್ಕೆ 9 ಎಕರೆಯವರೆಗೆ ಸೊಪ್ಪಿನ ಬೆಟ್ಟವನ್ನು ಅನುಭವಿಸುವ ಹಕ್ಕು ಈ ಸೀಮೆಯ ರೈತರಿಗೆ ಉಂಟಷ್ಟೆ; ಆ ಬೆಟ್ಟದಿಂದ ತಂದು ಹರಡಿದ ದರಕಿನ ಅಡಿಯಲ್ಲಿಯೇ ಇವರ ಠಾಣ್ಯ. ಕವಳದ ಸಂಚಿಯ ಸುಣ್ಣ ತೋರಿಸಿದವರಿಗೆ ವಿನಾಯಿತಿ. ಸಂಚಿಯೋ ಸಂಕದ ಮೇಲಿತ್ತು. ಅದಕ್ಕೆ ಕೈಚಾಚಿದ ಯಾತ್ರಿಕನು ಸಮತೋಲ ತಪ್ಪಿ ಮಗುಚಿದನು.

ಇದೇ ಮುಹೂರ್ತದಲ್ಲಿ ತೋಟದ ಮೆಟ್ಟಿಲಿಳಿದು ಬಂದ ನಮ್ಮ ಆಯಿಯು, ಅತಿಥಿಗಳನ್ನು ಕಂಡಾಗ ಕೇಳಲೇಬೇಕಾದ ಪ್ರಶ್ನೆಯನ್ನು ಕೇಳಿದಳು: “ಆಸರಿಗೆ ಬೇಕಾ?” ಸೊಂಟದವರೆಗೆ ಕೆಸರಾದ ಬೆಂಗಳೂರಿಗನು ಅದನ್ನು ಆಸರೆ ಎಂದು ಅರ್ಥೈಸಿ, ಎರಡೂ ಕೈಗಳನ್ನು ಮೇಲೆತ್ತಿ, “ಬೇಕು ತಾಯೀ, ಬೇಗ ಬೇಕು” ಎಂದನು. ಆಯಿಯು ಅವಸರದಿಂದ ಮನೆಗೆ ಹೋಗಿ ಒಂದು ಚೊಂಬು ಮಜ್ಜಿಗೆ ತಂದುಕೊಟ್ಟಳು. ಅವನು ನಿಂತಲ್ಲಿಯೇ ಕುಡಿದನು.

ನೌಕೆಯು ಮರುದಿನ ಬೆಳಗ್ಗೆ ಬಚ್ಚಲ ಒಲೆಗೆ ಹೋಯಿತು. ಇಬ್ಬರ ಮೀಯಾಣಕ್ಕೂ ನೀರು ಚೆನ್ನಾಗಿ ಕಾದಿತ್ತು.