ತೀಸ್ ಇಂಚಿ ಕಾಕಾ

ಬಸವಕಲ್ಯಾಣ, ಹುಮನಾಬಾದ್ ಸೀಮೆಯ ಊರುಗಳಲ್ಲಿ ಹುಡುಕಿದರೆ ಒಬ್ಬ ಬಂದೂಕ ಕಾಕಾ ಸಿಕ್ಕೇ ಸಿಗುತ್ತಾರೆ. ಅಪ್ಪನಿಂದ ಬಂದ ಒಂದು ದೋನಾಲಿ ಬಂದೂಕು, ಅದಕ್ಕೊಂದು ಲೈಸೆನ್ಸು, ಇಸ್ತ್ರಿ ಮುರಿಯದ ಬಿಳಿ ಧೋತರ, ತಿರುವಲು ಸಾಕಾಗುವಷ್ಟು ಮೀಸೆ. ಇಷ್ಟಿದ್ದರೆ ಪದವಿ ಖಾಯಂ. ಇದುವರೆಗೆ ಎಷ್ಟು ಗುಂಡು ಹಾರಿಸಿದ್ದೀರಿ ಎಂದು ಮಾತ್ರ ಯಾರೂ ಕೇಳುವುದಿಲ್ಲ. ದೊಡ್ಡವರ ಮರ್ಯಾದೆ ಕಾಯುವುದರಲ್ಲಿ ನಮ್ಮ ಕಡೆಯವರು ಗಟ್ಟಿಗರು.

ನಾನು ಕಂಡ ಕಾಕಾ ಬೆಳಿಗ್ಗೆ ಒಂಬತ್ತಕ್ಕೆಲ್ಲ ಸಸ್ತಾಪುರ ಬಂಗ್ಲಾದ ಚಹಾದಂಗಡಿಗೆ ಹಾಜರ್. ಎದುರಿಗೆ ಹೈದರಾಬಾದ್–ಪುಣೆ ಹೆದ್ದಾರಿ, ಕೈಯಲ್ಲಿ ಬಶಿಗೆ ಸುರಿದ ಚಹಾ, ಬಾಯಲ್ಲಿ ನಳಿಗೆಯ ಉದ್ದ. ಕಾಕಾರ ಸಿದ್ಧಾಂತ ಒಂದೇ: ನಳಿಗೆ ಎಂದರೆ 30 ಇಂಚು. ಅದಕ್ಕಿಂತ ಗಿಡ್ಡಗಿದ್ದರೆ ಅದು ಬಂದೂಕಲ್ಲ, ಹೊಗೆಯೂದುವ ಕೊಳವೆ.

ಈ ಸಿದ್ಧಾಂತಕ್ಕೆ ಗಂಡಾಂತರ ಬಂದದ್ದು ಹುಮನಾಬಾದಿನ ಅಳಿಯನಿಂದ. ಅಳಿಯನಿಗೆ ಮೊಬೈಲಿನಲ್ಲಿ ಅಮೆರಿಕದವರ ಟರ್ಕಿ ಕೋಳಿ ಬೇಟೆ ನೋಡುವ ಚಟ.

"ಮಾವಾರ, ಅಲ್ಲಿ 20–24 ಇಂಚಿನ ನಳಿಗಿ ಇದ್ರ ಸಾಕಂತಾರ್ರೀ."

"ಯಾರಂತಾರ? ನಳಿಗಿ ಉದ್ದ ಇದ್ದಷ್ಟು ಗುಂಡು ದೂರ ಹೋಗ್ತದ. ನಮ್ಮ ಕೋಟಿ ಬುರುಜಿನ ಮ್ಯಾಲಿನ ತೋಪು ನೋಡಿಲ್ಲೇನು? ಗೇಣುದ್ದ ಇತ್ತಂದ್ರ ಯಾರರ ಅಂಜತಿದ್ರೇನು?"

ಬೇರೆ ಯಾರಾದರೂ ಆಗಿದ್ದರೆ ಕಾಕಾ ಇನ್ನೂ ನಾಲ್ಕು ಮಾತು ಬೈಯುತ್ತಿದ್ದರು. ಮಗಳನ್ನು ಕೊಟ್ಟ ಬಾಯಿ, ನುಂಗಿಕೊಂಡರು.

ಕಾಕಾರಿಗೆ ಬೇಸರವಾದರೂ ಹೇಳಲೇಬೇಕು, ಅಳಿಯನ ಮಾತು ಸುಳ್ಳಲ್ಲ. ಕರಿಮದ್ದಿನ ಕಾಲದಲ್ಲಿ ಮದ್ದು ನಿಧಾನಕ್ಕೆ ಉರಿಯುತ್ತಿತ್ತು, ಉದ್ದ ನಳಿಗೆ ಬೇಕಿತ್ತು. ಈಗಿನ ಹೊಗೆರಹಿತ ಮದ್ದು ತೋಟಾ ಸಿಡಿದ ಸ್ವಲ್ಪ ದೂರದಲ್ಲೇ ಉರಿದು ಮುಗಿಯುತ್ತದೆ. ಆಮೇಲೆ ಇಂಚು ಹೆಚ್ಚಾದರೂ ಕಡಿಮೆಯಾದರೂ ಛರ್ರಾ ಕಾಳುಗಳ ವೇಗದಲ್ಲಿ ಆಗುವ ವ್ಯತ್ಯಾಸ ಸೆಕೆಂಡಿಗೆ ಕೆಲವೇ ಅಡಿ. ಟರ್ಕಿ ಬೇಟೆಗಾರ ಪೊದೆಯ ಹಿಂದೆ ಮರಕ್ಕೊರಗಿ ಕೂತು, ಹೆಣ್ಣು ಕೋಳಿಯ ದನಿ ತೆಗೆದು ಹುಂಜವನ್ನು ಹತ್ತಿರ ಕರೆದು, ನೆಲದ ಮೇಲಿರುವಾಗಲೇ ತಲೆ-ಕುತ್ತಿಗೆಗೆ ಹೊಡೆಯುತ್ತಾನೆ. ಉದ್ದ ನಳಿಗೆ ಅಲ್ಲಿ ಕೊಂಬೆಗೆ ಸಿಕ್ಕಿಕೊಳ್ಳುವುದಕ್ಕಷ್ಟೇ ಉಪಯೋಗ. ಛರ್ರಾ ಚೆದುರದಂತೆ ನೋಡಿಕೊಳ್ಳುವುದು ನಳಿಗೆಯ ತುದಿಯಲ್ಲಿರುವ ಚೋಕ್ ಎಂಬ ಇಕ್ಕಟ್ಟು. ಫುಲ್ ಚೋಕ್ ಇದ್ದರೆ 40 ಗಜ ದೂರದ 30 ಇಂಚಿನ ವೃತ್ತದೊಳಗೆ ನೂರಕ್ಕೆ 70 ಕಾಳು ಬೀಳಬೇಕು ಎಂಬುದು ಲೆಕ್ಕ.

ಚೋಕ್ ಸುದ್ದಿ ಅಳಿಯನಿಗೂ ಪೂರ್ತಿ ಗೊತ್ತಿರಲಿಲ್ಲ. "ಹಂಗಾರ ಕತ್ತರಿಸಿ ಬಿಡೋಣ್ರೀ ಮಾವಾರ. ಲಾರಿ ಬಾಡಿ ಕಟ್ಟೋರಿಗೆ ನಳಿಗಿ ಕತ್ತರಿಸೋದೇನು ದೊಡ್ಡ ಕೆಲಸ?" ಎಂದುಬಿಟ್ಟ. ಕತ್ತರಿಸಿದರೆ ಮೊದಲು ಹೋಗುವುದೇ ತುದಿಯ ಚೋಕು. ಕಾಕಾ ಬಶಿ ಕೆಳಗಿಟ್ಟರು. ಗುರಿ ಹೇಗೋ ಏನೋ, ಕಾನೂನು ಕಾಕಾರಿಗೆ ಬಾಯಿಪಾಠ. 1959ರ ಶಸ್ತ್ರಾಸ್ತ್ರ ಕಾಯ್ದೆಯ 6ನೇ ಕಲಂ ಪ್ರಕಾರ ಅದಕ್ಕೆಂದೇ ಪ್ರತ್ಯೇಕ ಲೈಸೆನ್ಸ್ ಇಲ್ಲದೆ ನಳಿಗೆ ಮೊಟಕು ಮಾಡುವಂತಿಲ್ಲ. 13ನೇ ಕಲಂ ರಕ್ಷಣೆಗೋ ಕ್ರೀಡೆಗೋ ಲೈಸೆನ್ಸ್ ಕೊಡುವ ಮಾತಾಡುವಾಗ ನಳಿಗೆ 20 ಇಂಚಿಗೆ ಕಡಿಮೆ ಇರಬಾರದು ಎನ್ನುತ್ತದೆ. "20 ಅಂದ್ರ 20. ನಿಮ್ಮ ಅಮೆರಿಕಾದ ಕೋಳಿ ಕೇಳಿ ಕಾಯ್ದೆ ಬರದಿಲ್ಲ!"

ಇಷ್ಟೆಲ್ಲ ವಾದದ ನಡುವೆ, ಟರ್ಕಿ ಕೋಳಿ ನಮ್ಮ ಕಾಡಿನ ಪಕ್ಷಿಯೇ ಅಲ್ಲ ಎಂಬುದನ್ನು ಇಬ್ಬರೂ ಎತ್ತಲಿಲ್ಲ. ಆ ಗಾತ್ರದ ಹಕ್ಕಿ ನಮ್ಮಲ್ಲಿ ನವಿಲು. 1963ರಿಂದ ಅದು ರಾಷ್ಟ್ರಪಕ್ಷಿ, ಮುಟ್ಟಿದರೆ ಜೈಲು. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಚಿಗರಿಯ ಆಸೆಯೂ ಬಿಡಬೇಕಾಯಿತು. ಮದುವೆ ಮೆರವಣಿಗೆಯಲ್ಲಾದರೂ ಒಂದು ಢಂ ಅನ್ನಿಸೋಣವೆಂದರೆ, ಶಸ್ತ್ರಾಸ್ತ್ರ ಕಾಯ್ದೆಯ 2019ರ ತಿದ್ದುಪಡಿಯಲ್ಲಿ ಸಂಭ್ರಮದ ಗುಂಡಿಗೂ ಎರಡು ವರ್ಷದವರೆಗೆ ಸಜೆ, ಒಂದು ಲಕ್ಷದವರೆಗೆ ದಂಡ.

ಹಾಗಾದರೆ ಬಂದೂಕಿಗೆ ಕೆಲಸವೇನು? ಠಾಣೆಗೆ ಹೋಗಿಬರುವುದು. ಚುನಾವಣೆ ಘೋಷಣೆಯಾದರೆ ಆಯುಧ ಠೇವಣಿ ಇಡಿ ಎಂಬ ಆದೇಶ ಬರುತ್ತದೆ. ಹಳೆಯ ಬೆಡ್‌ಶೀಟಿನಲ್ಲಿ ಸುತ್ತಿದ ದೋನಾಲಿ ಮೋಟಾರ್ ಸೈಕಲ್ಲಿನ ಹಿಂದಿನ ಸೀಟಿನಲ್ಲಿ, ಕಾಕಾರ ತೊಡೆಯ ಮೇಲೆ ಅಡ್ಡಲಾಗಿ ಮಲಗಿ ಹೋಗುತ್ತದೆ. 30 ಇಂಚಿನ ನಳಿಗೆ ಎದುರಿಗೆ ಬಂದವರ ಮೊಣಕಾಲಿಗೆ ತಾಗುವುದು ಈ ಪ್ರಯಾಣದಲ್ಲೇ. ಕಾಕಾರಿಗೆ ಇದೂ ಹೆಮ್ಮೆಯೇ. 2021ರ ಏಪ್ರಿಲ್ 17ರಂದು ಬಸವಕಲ್ಯಾಣಕ್ಕೆ ಉಪಚುನಾವಣೆ ನಡೆಯಿತಲ್ಲ, ಹುಮನಾಬಾದಿಗೆ ಆ ಭಾಗ್ಯ ಇರಲಿಲ್ಲ. "ನಿಮ್ಮ ಕಡಿ ಬಂದೂಕಕ್ಕಿಂತ ನಮ್ದು ಒಂದ್ ಸರ್ತಿ ಹೆಚ್ಚು ಠಾಣಾ ನೋಡ್ಯದ" ಎಂದು ಅಳಿಯನನ್ನು ಕುಟುಕುತ್ತಾರೆ.

ಕಾಕಾರ ತೊಗರಿ ಹೊಲಕ್ಕೆ ಹಂದಿ ನುಗ್ಗದಂತೆ ಕಾಯುವವರು ಕಾಕಿ. ತಮ್ಮ ಹಳೇ ಸೀರೆಗಳನ್ನು ಗೂಟಕ್ಕೆ ಬಿಗಿದು ಹೊಲದ ಸುತ್ತ ಕಟ್ಟಿಸಿದ್ದಾರೆ. ಒಂದು ಸೀರೆಯ ಉದ್ದ ಸುಮಾರು 200 ಇಂಚು, ಲೈಸೆನ್ಸ್ ಬೇಡ.

ನಿಮ್ಮೂರ ಕಾಕಾ ಸಿಕ್ಕರೆ ದಯವಿಟ್ಟು ನಳಿಗೆಯ ಉದ್ದ ಕೇಳಬೇಡಿ, ಬಸ್ಸು ತಪ್ಪುತ್ತದೆ. ಲೈಸೆನ್ಸ್ ನವೀಕರಣ ಯಾವಾಗ ಎಂದು ಕೇಳಿ. ಅದೀಗ ಐದು ವರ್ಷಕ್ಕೊಮ್ಮೆ. ಎಷ್ಟೋ ಸಲ ಮರೆತೇಹೋಗಿರುತ್ತದೆ.