ಯುಯುತ್ಸುವಿನ ಪಾತ್ರಕ್ಕೆ ಜನವಿಲ್ಲ

ಅಡಿಕೆ ಅಂಗಡಿಯ ಗುಮಾಸ್ತನ ತಲೆಯೊಳಗೆ ಏನಿದೆಯೆಂಬುದನ್ನು ಅವನ ಹೆಂಡತಿಯೂ ಅರಿಯಳು. ಸರಿಯಾಗಿ ಅರಿತವನು ಎದುರಂಗಡಿಯ ಯಜಮಾನನೊಬ್ಬನೇ. ಮುಂಡಾಜೆಯಿಂದ ಬೆಳ್ತಂಗಡಿ ಪೇಟೆಗೆ ದಿನವೂ ಬಸ್ಸಿನಲ್ಲಿ ಹೋಗಿ, ಚಾಲಿ ಅಡಿಕೆಯ ಗೋಣಿಗಳ ನಡುವೆ ಕುಳಿತು, ಹೊಸದು, ಸಿಂಗಲ್ ಚೋಲ್, ಡಬ್ಬಲ್ ಚೋಲ್, ಪಟೋರ, ಉಳ್ಳಿಗಡ್ಡೆ, ಕರಿಗೋಟು ಎಂದು ವಿಂಗಡಿಸಿ ಲೆಕ್ಕ ಬರೆಯುತ್ತಿದ್ದ ನನ್ನನ್ನು ಲೋಕವು ಒಬ್ಬ ನಿರುಪದ್ರವಿ ಲೇಖನಿಕನೆಂದಷ್ಟೇ ಬಗೆದಿದ್ದಿತು. ಆದರೆ ಯಾರ ಅಟ್ಟದ ಮೇಲೆ ಎರಡು ವರ್ಷದ ಅಡಿಕೆ ಕೂತಿದೆ, ಯಾರು ಮಗಳ ಮದುವೆ ನಿಶ್ಚಯವಾಗುವ ತನಕ ಗೋಣಿಯ ಬಾಯಿ ಬಿಚ್ಚಲಾರರು, ಯಾರು ಆಟಿ ತಿಂಗಳ ಮಳೆಯಲ್ಲಿ ಅಕ್ಕಿಗೆ ದುಡ್ಡಿಲ್ಲದೆ ಸಿಕ್ಕಿದ ಧಾರಣೆಗೇ ಕೊಟ್ಟು ಕೈತೊಳೆದುಕೊಳ್ಳುವರು ಎಂಬ ಪರಮ ರಹಸ್ಯಗಳೆಲ್ಲ, ಯಾವ ಖಾತೆ ಪುಸ್ತಕದಲ್ಲಿಯೂ ಬರೆಯಲ್ಪಡದೆ, ನನ್ನ ಬೋಳುತಲೆಯಲ್ಲಿ ಸುರಕ್ಷಿತವಾಗಿದ್ದವು.

ಅಡಿಕೆ ಬೆಳೆಗಾರರ ಸಹಕಾರಿ ಸಂಸ್ಥೆಯಾದ ಕ್ಯಾಂಪ್ಕೊ 1973ರಲ್ಲಿ ಮಂಗಳೂರಿನಲ್ಲಿ ಸ್ಥಾಪಿತವಾಗುವುದಕ್ಕೆ ಮುಂಚಿನ ಮಾತಿದು. ಧಾರಣೆಯೆಂಬುದು ಆಗ ವರ್ತಕರ ನಾಲಗೆಯ ತುದಿಯಲ್ಲಿ ಹುಟ್ಟುತ್ತಿದ್ದಿತು. ಬೆಳೆಗಾರನ ಅವಸರವೆಷ್ಟೆಂದು ಬಲ್ಲ ವರ್ತಕನು, ಅಡಿಕೆಯನ್ನು ಅಡಕತ್ತರಿಯಿಂದ ಎರಡಾಗಿ ಸೀಳಿ, ಒಳಗಿನ ಬಿಳುಪನ್ನು ಕಣ್ಣಾರೆ ಕಂಡಮೇಲೂ ತುಟಿ ಕೊಂಕಿಸಬಲ್ಲವನಾಗಿದ್ದನು. ಹೀಗಿರಲು, ಎದುರಂಗಡಿಯ ಯಜಮಾನರು ಒಂದು ಸಂಜೆ ನನ್ನನ್ನು ಕಾಫಿಗೆ ಕರೆದು, ಈಗಿನದರ ಒಂದೂವರೆ ಪಟ್ಟು ಸಂಬಳವನ್ನು ಸೂಚಿಸಿ, "ನಮಗೆ ನಿಮ್ಮಂಥ ಪ್ರಾಮಾಣಿಕರೇ ಬೇಕು ನೋಡಿ. ಬರುವಾಗ ಆ ಮುಂಡಾಜೆ, ಚಾರ್ಮಾಡಿ ಕಡೆಯವರ ವಿವರ ಸ್ವಲ್ಪ ಜ್ಞಾಪಕದಲ್ಲಿಟ್ಟುಕೊಂಡು ಬನ್ನಿ" ಎಂದರು. ನನ್ನ ಪ್ರಾಮಾಣಿಕತೆಯನ್ನು ಇಷ್ಟು ದುಬಾರಿ ಬೆಲೆಗೆ ಕೊಳ್ಳಲು ಬಂದವರು, ಕೊಂಡ ದಿನವೇ ಅದನ್ನು ಎಲ್ಲಿ ಮುರಿಯಬೇಕೆಂಬುದನ್ನೂ ನಿಶ್ಚಯಿಸಿಕೊಂಡಿದ್ದ ಆ ದೂರದೃಷ್ಟಿಗೆ ನಾನು ಬೆರಗಾದೆನು.

ಮುಂಡಾಜೆಯಲ್ಲಿ ಗುಟ್ಟೆಂಬುದು ಒಂದು ರಾತ್ರಿಗಿಂತ ಹೆಚ್ಚು ಬಾಳುವುದಿಲ್ಲ. ಕೊಂಕಣದಿಂದ ಬಂದು ನೆಲೆಸಿದ ಚಿತ್ಪಾವನರ ಮನೆಗಳಲ್ಲಿ ಚಿತ್ಪಾವನಿಯಲ್ಲಿಯೂ, ಗದ್ದೆಯ ಬದುವಿನಲ್ಲಿ ತುಳುವಿನಲ್ಲಿಯೂ, ಶಾಲೆಯ ಜಗಲಿಯಲ್ಲಿ ಗ್ರಾಂಥಿಕ ಕನ್ನಡದಲ್ಲಿಯೂ ನನ್ನ ಭವಿತವ್ಯದ ವಿಮರ್ಶೆ ಏಕಕಾಲಕ್ಕೆ ಆರಂಭವಾಯಿತು. ನಮ್ಮ ಸೀಮೆಯವರ ಒಂದು ಗುಣವೇನೆಂದರೆ, ಯಾರೂ ಸ್ವಂತ ಹೆಸರಿನಲ್ಲಿ ಬುದ್ಧಿ ಹೇಳುವುದಿಲ್ಲ. ಇಡೀ ರಾತ್ರಿ ತಾಳಮದ್ದಳೆ ಕೇಳಿ ಬೆಳೆದವರಾದ್ದರಿಂದ, ಭಾರತ ರಾಮಾಯಣಗಳ ಯಾವುದಾದರೊಂದು ಪಾತ್ರವನ್ನು ಮುಂದೆ ನಿಲ್ಲಿಸಿ, ಅದರ ಬೆನ್ನ ಹಿಂದಿನಿಂದ ಬಾಣ ಬಿಡುತ್ತಾರೆ.

ನಮ್ಮ ಧಣಿಗಳ ಕಡೆಯ ಬಂಧುವೊಬ್ಬರು ಕರ್ಣನನ್ನು ಹಿಡಿದರು. ಸಾಕ್ಷಾತ್ ಶ್ರೀಕೃಷ್ಣನೇ ಸಿಂಹಾಸನವನ್ನು ತೋರಿಸಿ ಕರೆದರೂ ಉಂಡ ಅನ್ನದ ಋಣವನ್ನು ಮರೆಯದ ಮಹಾನುಭಾವನ ಕಥೆಯನ್ನು ಅವರು ಕಣ್ಣೊರೆಸಿಕೊಳ್ಳುತ್ತ ಹೇಳಿ ಮುಗಿಸಿದಾಗ, ಒಳಗಿನಿಂದ ನನ್ನವಳು, "ಕರ್ಣನಿಗೆ ಅಂಗರಾಜ್ಯ ಕೊಟ್ಟಿದ್ದರು. ನಿಮಗೆ ದೀಪಾವಳಿಗೆ ಕೊಟ್ಟದ್ದು ಒಂದು ಪಂಚೆ, ಅದೂ ಒಗೆದ ಮೇಲೆ ಗೇಣು ಕಿರಿದಾಯಿತು" ಎಂದಳು. ಬಂಧುಗಳು ಬೆಲ್ಲ ನೀರು ಕುಡಿದು ಎದ್ದರು.

ಮರುದಿನ ನನ್ನ ಭಾವನು ವಿಭೀಷಣನನ್ನು ಕರೆತಂದನು. "ಅಣ್ಣನಾದರೇನು, ಧಣಿಯಾದರೇನು ಭಾವಾ? ಧರ್ಮ ಇರುವ ಕಡೆ ಹೋಗುವುದೇ ಧರ್ಮ" ಎಂಬುದು ಅವನ ವಾದ. ಸಂಬಳವು ಒಂದೂವರೆ ಪಟ್ಟು ಇರುವ ಕಡೆಯೇ ಧರ್ಮವೂ ಇರುವುದೆಂದು ಅವನು ಹೇಗೆ ಕಂಡುಕೊಂಡನೋ ತಿಳಿಯೆ. ನನ್ನಿಂದ ಅವನಿಗೆ ಬರಬೇಕಾಗಿದ್ದ ಕೈಸಾಲಕ್ಕೂ ಈ ತತ್ತ್ವಶೋಧನೆಗೂ ಸಂಬಂಧವಿರಲಾರದು. ಆದರೂ ವಿಭೀಷಣನು ಬರಿಗೈಯಲ್ಲಿ ಸಮುದ್ರ ದಾಟಿದವನಲ್ಲ. ಇಂದ್ರಜಿತುವಿನ ನಿಕುಂಭಿಳಾ ಯಾಗದ ಗುಟ್ಟು ಅವನೊಡನೆಯೇ ಆಚೆ ದಡಕ್ಕೆ ಬಂದಿತ್ತು. ಎದುರಂಗಡಿಯವರಿಗೆ ಬೇಕಾದದ್ದೂ ನನ್ನ ದುಂಡಕ್ಷರವಲ್ಲ, ಈ ನಿಕುಂಭಿಳೆಯೇ. ಲಂಕೆಯಲ್ಲಿ ರಾವಣನಿದ್ದನು, ಸರಿ. ಆಟಿ ತಿಂಗಳಲ್ಲಿ ಅಕ್ಕಿಗಾಗಿ ಅಡಿಕೆ ಮಾರುವವನು ಯಾವ ರಾವಣ?

ಹೋಗದೆ ಕೂತು ಎದುರಂಗಡಿಗೆ ಸುದ್ದಿ ಮುಟ್ಟಿಸಿದರಾಯಿತೆಂಬ ಮೂರನೆಯ ಸಲಹೆಯೂ ಬಾರದಿರಲಿಲ್ಲ. ಅದು ಶಲ್ಯಸಾರಥ್ಯ. ಪಾಂಡವರ ಕಡೆಗೆ ಹೊರಟ ಮದ್ರದೇಶದ ದೊರೆ ಶಲ್ಯನು, ದಾರಿಯಲ್ಲಿ ಯಾರದೆಂದು ವಿಚಾರಿಸದೆ ಆತಿಥ್ಯವುಂಡು, ಅದು ದುರ್ಯೋಧನನದೆಂದು ತಿಳಿಯುವಷ್ಟರಲ್ಲಿ ಮಾತು ಕೊಟ್ಟಾಗಿತ್ತು. ಕೊನೆಗೆ ಒಬ್ಬರ ರಥದಲ್ಲಿ ಕುಳಿತು ಇನ್ನೊಬ್ಬರ ಕೆಲಸ ಮಾಡಿದನು. ಎದುರಂಗಡಿಯವರ ಕಾಫಿ ಕುಡಿಯುವ ಮುನ್ನ ನಾನು ಸ್ಮರಿಸಬೇಕಾಗಿದ್ದುದು ಈ ಮಹಾಶಯನನ್ನೇ.

ನನ್ನ ಕಣ್ಣು ತೆರೆಸಿದವರು ಯಕ್ಷಗಾನ ಮೇಳಗಳಲ್ಲಿ ವೇಷ ಕಟ್ಟಿ ನಿವೃತ್ತರಾಗಿದ್ದ ನೆರೆಮನೆಯ ವೃದ್ಧರು. ಒಳ್ಳೆಯ ವೇಷಧಾರಿಯನ್ನು ಒಂದು ಮೇಳದವರಿಂದ ಇನ್ನೊಂದು ಮೇಳದವರು ಸೆಳೆಯುವುದು ನಮ್ಮ ಜಿಲ್ಲೆಯಲ್ಲಿ ಹೊಸತೇನಲ್ಲ. "ಮೇಳ ಬಿಡುವುದು ತಪ್ಪಲ್ಲ ಮಾರಾಯರೆ," ಎಂದರು ಅವರು, "ಆದರೆ ಪತ್ತನಾಜೆಗೆ ಗೆಜ್ಜೆ ಬಿಚ್ಚಿದ ಮೇಲೆ ಬಿಡಬೇಕು. ತಿರುಗಾಟದ ನಡುವೆ ಬಿಟ್ಟರೆ ನಾಳೆಯ ಆಟಕ್ಕೆ ಅರ್ಜುನ ಯಾರು? ಮುಂಗಡ ತೆಗೆದುಕೊಂಡಿದ್ದರೆ ಹಿಂದೆ ಕೊಡಬೇಕು. ಹೊಸ ಯಜಮಾನರ ಎದುರು ಹಳೆಯ ಚೌಕಿಯ ಮಾತು ಆಡಬಾರದು." ಬೇಶ ತಿಂಗಳ ಹತ್ತನೆಯ ದಿನ, ಎಂದರೆ ಮೇ 24ರ ಸುಮಾರಿಗೆ, ತಿರುಗಾಟಕ್ಕೆ ಮಂಗಳ ಹಾಡುವ ಆ ಪತ್ತನಾಜೆಯಲ್ಲಿ ಇಷ್ಟೊಂದು ನೀತಿಶಾಸ್ತ್ರ ಅಡಗಿದೆಯೆಂದು ನಾನು ಬಗೆದಿರಲಿಲ್ಲ.

ಆಗ ನೆನಪಾದವನು ಯುಯುತ್ಸು. ಕುರುಕ್ಷೇತ್ರದಲ್ಲಿ ಮೊದಲ ಬಾಣ ಹೊರಡುವ ಮುನ್ನ, ಬರುವವರು ಬರಬಹುದೆಂದು ಧರ್ಮರಾಯನು ಸಾರಿದಾಗ, ಎರಡೂ ಸೇನೆಗಳು ನೋಡುತ್ತಿರುವಂತೆಯೇ ನಡೆದುಹೋದ ಧೃತರಾಷ್ಟ್ರಪುತ್ರನವನು. ಕತ್ತಲಲ್ಲಿ ಅಲ್ಲ, ಕಾಳಗದ ನಡುವೆಯೂ ಅಲ್ಲ. ಮಹಾಯುದ್ಧ ಮುಗಿದಾಗ ಬದುಕುಳಿದ ಬೆರಳೆಣಿಕೆಯವರಲ್ಲಿ ಅವನೂ ಒಬ್ಬನು. ಆದರೆ ಅಳುವುದಕ್ಕೆ ಆಸ್ಪದವಿಲ್ಲದ ಈ ಪಾತ್ರವನ್ನು ಅರ್ಥ ಹೇಳಲು ಯಾರೂ ಬೇಡಿ ತೆಗೆದುಕೊಂಡದ್ದನ್ನು ನಾನು ಕಾಣೆ. ಮುನಿದು ಅನ್ಯಮತಕ್ಕೆ ಹೋಗಿ ಮರಳಿ ಬಂದನೆಂಬ ಐತಿಹ್ಯವಿರುವ ಮೂಡಬಿದಿರೆಯ ರತ್ನಾಕರವರ್ಣಿಯ ದಾರಿಯೂ ಒಂದಿದೆ. ಅದು ಮಹಾಕವಿಗಳಿಗೆ ತೆರೆದ ಬಾಗಿಲೇ ಹೊರತು ಗುಮಾಸ್ತರಿಗಲ್ಲ.

ಎದುರಂಗಡಿಗೆ ಹೋಗಿ ನನ್ನ ಷರತ್ತುಗಳನ್ನು ವಿನಯದಿಂದ ಅರುಹಿದೆನು: ನಮ್ಮ ಧಣಿಗಳಿಗೆ ನಾನೇ ಮೊದಲು ತಿಳಿಸುವೆನು, ಈ ಅಡಿಕೆಯ ಹಂಗಾಮು ಮುಗಿಸಿ, ಖಾತೆ ಹೊಂದಿಸಿಕೊಟ್ಟು ಬರುವೆನು, ತಲೆಯೊಳಗಿನದನ್ನು ಆ ಹೊಸ್ತಿಲಲ್ಲಿಯೇ ಇಳಿಸಿ, ಕೈಬರಹವನ್ನು ಮಾತ್ರ ತರುವೆನು. ಅವರು ನನ್ನನ್ನು ಬಹಳ ಹೊತ್ತು ನೋಡಿದರು. ಆ ದೃಷ್ಟಿಯನ್ನು ನಾನು ಬಲ್ಲೆ. ಸೀಳಿದ ಅಡಿಕೆ ಒಳಗೆ ಕಪ್ಪಾಗಿದ್ದಾಗ ವರ್ತಕರು ನೋಡುವ ದೃಷ್ಟಿಯದು. ನಿಮಿಷದ ಹಿಂದೆ ಡಬ್ಬಲ್ ಚೋಲ್ ಆಗಿದ್ದ ನಾನು ಅವರ ಕಣ್ಣೆದುರಿನಲ್ಲಿಯೇ ಕರಿಗೋಟಿಗೆ ಇಳಿದಿದ್ದೆನು. "ಯೋಚಿಸಿ ಹೇಳುತ್ತೇನೆ" ಎಂದರು. ಇಂದಿಗೂ ಯೋಚಿಸುತ್ತಿದ್ದಾರೆ. ಈ ಸಲ ಕಾಫಿ ಬರಲಿಲ್ಲ.

ಸುದ್ದಿ ತಿಳಿದ ನಮ್ಮ ಧಣಿಗಳು ನನ್ನ ನಿಷ್ಠೆಯನ್ನು ಹತ್ತು ಜನರ ಮುಂದೆ ಕೊಂಡಾಡಿ, ಸಂಬಳದ ವಿಷಯದಲ್ಲಿ ಗಂಭೀರ ಮೌನವನ್ನು ಕಾಪಾಡಿಕೊಂಡರು. ದೀಪಾವಳಿಗೆ ಮಾತ್ರ ಪಂಚೆ ಗೇಣು ಉದ್ದವಿದ್ದಿತು. ಆದುದರಿಂದ, ಬೇರೆ ಕಡೆಯಿಂದ ಕರೆ ಬಂದು ಧರ್ಮಸಂಕಟದಲ್ಲಿರುವ ಕಿರಿಯರಿಗೆ ನನ್ನ ಸಲಹೆ ಇಷ್ಟೇ: ಕರ್ಣ ವಿಭೀಷಣರನ್ನು ಕಾಡಬೇಡಿ, ಹಂಗಾಮು ಮುಗಿಸಿ, ಎಲ್ಲರಿಗೂ ಹೇಳಿ, ಬರಿಗೈಯಲ್ಲಿ ಬರುತ್ತೇನೆಂದು ತಿಳಿಸಿ ನೋಡಿ. ಆಮೇಲೂ ಬನ್ನಿರೆಂದರೆ ನಿಶ್ಚಿಂತೆಯಿಂದ ಹೋಗಿ. ಮತ್ತು ಅಂಥ ಯಜಮಾನರ ವಿಳಾಸವನ್ನು ದಯಮಾಡಿ ನನಗೂ ಒಂದು ಕಾರ್ಡಿನಲ್ಲಿ ಬರೆದು ಹಾಕಿ.