ನೋಡತಕ್ಕ ನೀರು

ಪ್ರವಾಸ ಮಾಡುವುದು ಸುಖವೋ ದುಃಖವೋ ಎಂಬ ಪ್ರಶ್ನೆಗೆ ಪ್ರಾಜ್ಞರು ನಾನಾ ವಿಧವಾಗಿ ಉತ್ತರ ಕೊಟ್ಟಿದ್ದಾರಾದರೂ, ಪ್ರವಾಸದ ಕಥೆಯನ್ನು ಹೇಳುವುದು ಮೂಲತಃ ಒಂದು ದಂಡನೆಯೆಂಬ ವಿಷಯದಲ್ಲಿ ಇತಿಹಾಸವು ನನ್ನ ಪಕ್ಷದಲ್ಲಿದೆ. ವೆನಿಸ್ ಸಂಸ್ಥಾನದ ನಿಕೊಲೊ ಕಾಂಟಿ ಎಂಬ ವರ್ತಕನು 1420ರ ಸುಮಾರಿಗೆ ನಮ್ಮ ವಿಜಯನಗರವನ್ನು ಕಂಡು, ಪೂರ್ವದೇಶಗಳಲ್ಲೆಲ್ಲ ವರ್ಷಾನುಗಟ್ಟಲೆ ಅಲೆದು, ನಡುದಾರಿಯಲ್ಲಿ ಪ್ರಾಣಭಯದಿಂದ ಸ್ವಮತವನ್ನು ಬಿಟ್ಟುಕೊಟ್ಟು, ಕೊನೆಗೆ ಸ್ವದೇಶಕ್ಕೆ ಮರಳಿ ಕ್ಷಮಾಯಾಚನೆಗಾಗಿ ಪೋಪರ ಸನ್ನಿಧಿಯಲ್ಲಿ ನಿಂತಾಗ, ಆ ಮಹನೀಯರು ವಿಧಿಸಿದ ಪ್ರಾಯಶ್ಚಿತ್ತವೆಂದರೆ, ಕಂಡುದನ್ನೆಲ್ಲ ತಮ್ಮ ಕಾರ್ಯದರ್ಶಿಯಾದ ಪೋಜ್ಯೊ ಎಂಬ ಪಂಡಿತನಿಗೆ ಬಿಡದೆ ಹೇಳಿ ಬರೆಯಿಸಬೇಕೆಂಬುದಾಗಿತ್ತಂತೆ. ಹೀಗೆ ಪಾಪಕ್ಕೆ ಶಿಕ್ಷೆಯಾಗಿ ಹುಟ್ಟಿದ ಈ ಸಾಹಿತ್ಯಪ್ರಕಾರವನ್ನು, ಯಾವ ಪಾಪವನ್ನೂ ಮಾಡದ ನೆರೆಹೊರೆಯವರ ಮೇಲೆ ಪ್ರಯೋಗಿಸುವ ಪದ್ಧತಿ ಬಂದುದು ಈಚೆಗೆ.

ನನ್ನ ಮಗಳೂ ಅಳಿಯನೂ ಜರ್ಮನಿಯಲ್ಲಿರುವುದರಿಂದ ಅವರ ಒತ್ತಾಯಕ್ಕೆ ಕಟ್ಟುಬಿದ್ದು ನಾನು ವೆನಿಸ್ ನಗರವನ್ನು ನೋಡಿಬಂದೆನು. ಬಂದ ಮೇಲೆ ಜೇವರ್ಗಿಯ ನಮ್ಮ ಓಣಿಯ ಕಟ್ಟೆಯ ಮೇಲೆ ಪರರಿಗೆ ಆ ಪ್ರಾಯಶ್ಚಿತ್ತವನ್ನು ವಿಧಿಸಲು ಸನ್ನದ್ಧನಾಗಿ ಕುಳಿತೆನು. ಆದರೆ ನನ್ನೆದುರು ಕುಳಿತವರು ಗೌಡರು. ಇವರ ಹೊಲವಿರುವುದು ನಾರಾಯಣಪುರ ಎಡದಂಡೆಯಿಂದ ಬರುವ ಜೇವರ್ಗಿ ಶಾಖಾ ಕಾಲುವೆಯ ಕಟ್ಟಕಡೆಯಲ್ಲಿ, ಅಂದರೆ ನಮ್ಮ ಕಡೆಯವರು ಟೇಲೆಂಡ್ ಎಂದು ನಿಟ್ಟುಸಿರಿನೊಡನೆ ಉಚ್ಚರಿಸುವ ಜಾಗದಲ್ಲಿ. ಆದುದರಿಂದ ಕಾಲುವೆಯ ವಿಷಯದಲ್ಲಿ ಅವರ ಆಸಕ್ತಿಯು ರಸಿಕನದಲ್ಲ, ಕಕ್ಷಿದಾರನದು.

"ಮಾಸ್ತರ್ರ, ಆ ಊರ ತುಂಬ ಕೆನಾಲ್ ಅವ ಅಂತಲ್ಲ, ಖರೇ ಏನ್ರಿ?"

"ಖರೇರೀ ಗೌಡ್ರ. 118 ನಡುಗಡ್ಡಿ, 400ಕ್ಕೂ ಮಿಗಿಲು ಸೇತುವೆ. ಓಣಿ ಅಂದ್ರ ಅಲ್ಲಿ ಕೆನಾಲೇ."

"ವರ್ಷಪೂರ್ತಿ ನೀರ ಇರ್ತಾವೇನ್ರಿ?"

"ಇರ್ತಾವ್ರಿ."

"ಟೇಲೆಂಡಿಗೂ?"

"ಟೇಲೆಂಡಿನಾಗ ಸಮುದ್ರ ಅದರೀ. ನೀರು ಬರೋದೇ ಅಲ್ಲಿಂದ."

ಗೌಡರು ಬಹಳ ಹೊತ್ತು ಮಾತನಾಡಲಿಲ್ಲ. ಮೇಲಿನವರು ತೂಬು ಒಡೆದುಕೊಂಡರೂ, ಪಂಪು ಇಳಿಬಿಟ್ಟರೂ, ಗೇಟು ಕಾಯುವವನು ನಿದ್ದೆಹೋದರೂ ಬಾಧೆಯಿಲ್ಲದೆ, ಕಡೆಯಿಂದಲೇ ನೀರು ಹುಟ್ಟಿ ಬರುವ ಕಾಲುವೆಯೊಂದು ಭೂಮಂಡಲದ ಮೇಲಿದೆಯೆಂಬ ವಾರ್ತೆಯು ಅವರ ಮುಖದಲ್ಲಿ ಮೋಕ್ಷಶ್ರವಣದ ಕಾಂತಿಯನ್ನೇ ತಂದಿತು. ಆ ನೀರಿನಿಂದ ಏನು ಬೆಳೆಯುತ್ತಾರೆಂದು ಅವರು ಮುಂದೆ ಕೇಳದಿದ್ದರೆ ಆ ಕಾಂತಿ ಉಳಿಯುತ್ತಿತ್ತು. ಅದು ಉಪ್ಪುನೀರು, ಅದರಿಂದ ತೊಗರಿಯನ್ನೂ ಬೆಳೆಯಲಾಗದು, ಒಂದು ಗುಟುಕು ಕುಡಿಯಲೂ ಆಗದು. ಶತಮಾನಗಳ ಕಾಲ ಆ ಊರಿನವರು ಚೌಕಗಳ ನಡುವೆ ಬಾವಿಯಾಕಾರದ ತೊಟ್ಟಿಗಳನ್ನು ಕಟ್ಟಿ, ಅಂಗಳದ ಮೇಲೆ ಬಿದ್ದ ಮಳೆನೀರನ್ನು ಮರಳಿನಲ್ಲಿ ಸೋಸಿ ಕುಡಿದು ಬದುಕಿದರು. ನೆಲದ ಕಡೆಯಿಂದ ಕೊಳವೆಯ ಮೂಲಕ ಸಿಹಿನೀರು ಅಲ್ಲಿಗೆ ಬಂದುದು 1884ರಲ್ಲಿ ಎಂದು ನಾನು ತಿಳಿಸಿದೆನು. "ಅಂದ್ರ ನೀರಾಗ ಕುಂತು ನೀರಿಗಿ ಅತ್ತಾರ ಅನ್ರಿ" ಎಂದು ಗೌಡರು ತೀರ್ಪು ಕೊಟ್ಟರು. ಆ ಕ್ಷಣದಿಂದ ವೆನಿಸ್ ಅವರ ದೃಷ್ಟಿಯಲ್ಲಿ ಪರದೇಶವಾಗಿ ಉಳಿಯದೆ, ಭೀಮಾತೀರದ ಒಂದು ಹಳ್ಳಿಯೇ ಆಗಿಬಿಟ್ಟಿತು.

ಆಳಂದ, ಅಫಜಲಪುರ, ಜೇವರ್ಗಿ ಎಂಬ ಮೂರು ತಾಲ್ಲೂಕುಗಳ ನಮ್ಮ ಈ ಸೀಮೆಯೂ ನೀರಿನಿಂದಲೇ ಹೆಣೆದುಕೊಂಡದ್ದೆಂಬುದನ್ನು ಓದುಗರು ಮರೆಯಬಾರದು. ಆಳಂದದ ಅಮರ್ಜೆಯು ಕೋರಹಳ್ಳಿಯ ಅಣೆಕಟ್ಟಿನಲ್ಲಿ ಒಂದಿಷ್ಟು ವಿಶ್ರಮಿಸಿ, ಅಫಜಲಪುರ ತಾಲ್ಲೂಕಿನ ದೇವಲ ಗಾಣಗಾಪುರದಲ್ಲಿ ಭೀಮೆಯನ್ನು ಕೂಡುತ್ತಾಳೆ. ಭೀಮೆಯು ಜೇವರ್ಗಿಯ ಅಂಚನ್ನು ಸವರಿಕೊಂಡು, ಊರಿನವರ ಯೋಗಕ್ಷೇಮವನ್ನು ವಿಚಾರಿಸದೆ ಕೃಷ್ಣೆಯತ್ತ ನಡೆದುಬಿಡುತ್ತಾಳೆ. ಹೀಗೆ ಪಕ್ಕದಲ್ಲಿ ಹೋದ ಭೀಮೆಯನ್ನು ಹೋಗಗೊಟ್ಟು, ಎಲ್ಲಿಯದೋ ನಾರಾಯಣಪುರದಲ್ಲಿ ಕೃಷ್ಣೆಯನ್ನು ತಡೆದು, ಅಲ್ಲಿಂದ ಕಾಲುವೆ ತೋಡಿ ಜೇವರ್ಗಿಗೆ ನೀರು ತಂದ ಸಾಹಸದ ಮುಂದೆ, ಸಮುದ್ರದ ಕೆಸರಿನಲ್ಲಿ ಮರದ ಗೂಟಗಳನ್ನು ಹೂಳಿ ಅರಮನೆಗಳನ್ನು ಕಟ್ಟಿದ ವೆನಿಸ್ಸಿನವರ ಸಾಹಸವು ಅತಿಶಯವೇನೂ ಅಲ್ಲ.

ಎರಡೂ ಕಡೆಗಳ ನಡುವಣ ಸಾದೃಶ್ಯವು ರೈಲುನಿಲ್ದಾಣದಿಂದಲೇ ಆರಂಭವಾಗುತ್ತದೆ. ವೆನಿಸ್ ಎಂಬ ಹೆಸರು ಹೊತ್ತ ಮೆಸ್ತ್ರೆ ನಿಲ್ದಾಣದಲ್ಲಿ ಇಳಿದ ಯಾತ್ರಿಕನು ಸುತ್ತಲೂ ನೋಡುತ್ತಾನೆ. ಬಸ್ಸುಗಳಿವೆ, ಬಹುಮಹಡಿ ಮನೆಗಳಿವೆ, ಕಾಲುವೆಯ ಗಂಧವೂ ಇಲ್ಲ. ನಿಜವಾದ ವೆನಿಸ್ಸು, 1846ರಲ್ಲಿ ಹಿನ್ನೀರಿನ ಮೇಲೆ ಕಟ್ಟಿದ ಉದ್ದನೆಯ ರೈಲುಸೇತುವೆಯ ಆಚೆಗೆ, ಸಾಂತಾ ಲೂಚಿಯಾ ನಿಲ್ದಾಣದಲ್ಲಿದೆ. ಸೋಲಾಪುರ ಮತ್ತು ವಾಡಿಗಳ ನಡುವಣ ಗಾಣಗಾಪುರ ರೋಡ್ ನಿಲ್ದಾಣದಲ್ಲಿ ನಸುಕಿನಲ್ಲಿ ಇಳಿದು, "ದೇವಸ್ಥಾನ ಎಲ್ಲದರೀ?" ಎಂದು ಚಹಾದವನನ್ನು ಕೇಳಿ, ಅದು ಇನ್ನೂ ಸುಮಾರು 20 ಕಿಲೋಮೀಟರು ದೂರವಿದೆಯೆಂಬ ಉತ್ತರವನ್ನು ಪಡೆದ ಮಹಾರಾಷ್ಟ್ರದ ಭಕ್ತನಿಗೆ ಮೆಸ್ತ್ರೆಯಲ್ಲಿ ಎಳ್ಳಷ್ಟೂ ಕಳವಳವಾಗದು. ರೋಡ್ ಎಂಬ ಪದವನ್ನು ಹೆಸರಿಗೆ ಸೇರಿಸಿ ನಮ್ಮ ರೈಲ್ವೆಯವರಾದರೂ ಮುನ್ನೆಚ್ಚರಿಕೆ ಕೊಟ್ಟಿದ್ದಾರೆ.

ಆದರೆ ಊರೊಳಗೆ ಕಾಲಿಟ್ಟ ಮೇಲೆ ದಾರಿಗಳು ಬೇರೆಯಾಗುತ್ತವೆ. 2024ರಿಂದ ವೆನಿಸ್ ನಗರವು, ಬೆಳಗ್ಗೆ ಬಂದು ಸಂಜೆ ಹೋಗುವ ನೋಟಕರಿಂದ ಜನಸಂದಣಿಯ ಗೊತ್ತಾದ ದಿನಗಳಲ್ಲಿ 5 ಯೂರೋ ಪ್ರವೇಶಶುಲ್ಕವನ್ನು ವಸೂಲು ಮಾಡಲು ತೊಡಗಿತು. ಗಾಣಗಾಪುರದಲ್ಲಿ ಇದರ ವಿಪರ್ಯಯ. ಶ್ರೀ ನರಸಿಂಹ ಸರಸ್ವತಿಗಳು ಬಾಳಿದ, ಅವರ ನಿರ್ಗುಣ ಪಾದುಕೆಗಳಿರುವ ಆ ಕ್ಷೇತ್ರದಲ್ಲಿ ದತ್ತಾತ್ರೇಯನು ಮಧ್ಯಾಹ್ನಕಾಲದಲ್ಲಿ ಯಾವುದೋ ರೂಪದಲ್ಲಿ ಭಿಕ್ಷೆಗೆ ಬರುತ್ತಾನೆಂಬ ನಂಬಿಕೆಯಿರುವುದರಿಂದ, ಯಾತ್ರಿಕನು ಕೋಟ್ಯಧೀಶನಾದರೂ ಜೋಳಿಗೆ ಹಿಡಿದು ಐದು ಮನೆಯ ಮಧುಕರಿಯನ್ನು ಬೇಡಲೇಬೇಕು. ಪುಣೆಯ ಕಡೆಯಿಂದ ಹವಾನಿಯಂತ್ರಿತ ಕಾರಿನಲ್ಲಿ ಬಂದಿಳಿದ ಗೃಹಸ್ಥರೊಬ್ಬರು, ಮಣಿಕಟ್ಟಿನ ಬಂಗಾರದ ಗಡಿಯಾರವನ್ನು ಅಂಗಿಯ ತೋಳಿನೊಳಗೆ ಮೆಲ್ಲನೆ ಸರಿಸಿ, ಪರಿಚಯವಿಲ್ಲದ ಹೊಸ್ತಿಲೊಂದರ ಮುಂದೆ ಯಾಚಕಸ್ವರವು ಗಂಟಲಿನಿಂದ ಹೊರಡದೆ ಒದ್ದಾಡುತ್ತಿದ್ದಾಗ, ಒಳಗಿನಿಂದ ಬಂದ ಮುದುಕಿಯು "ಜೋರ್ ಒದರ್ರೀ ಯಪ್ಪಾ, ಕಿವಿ ಕೇಳಂಗಿಲ್ಲ" ಎಂದು ಗದರಿ ರೊಟ್ಟಿಯ ತುಣುಕೊಂದನ್ನು ಹಾಕಿದುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಬಂದವರಿಂದ ಸುಂಕವೆತ್ತುವ ಊರು ಜಗತ್ತಿನಲ್ಲಿ ಎಷ್ಟೋ ಇದ್ದಾವು. ಬಂದವರ ಅಹಂಕಾರವನ್ನು ಬಾಗಿಲಲ್ಲೇ ಇಳಿಸಿಕೊಂಡು, ಮೇಲೆ ಊಟವನ್ನೂ ಕೊಟ್ಟು ಕಳುಹಿಸುವ ಊರು ಅಪರೂಪವೆ.

ದೋಣಿಯ ವಿಷಯಕ್ಕೆ ಬಂದರೆ, ಗೊಂಡೊಲ ಎಂಬುದು ಸುಮಾರು 11 ಮೀಟರು ಉದ್ದದ ಕರಿಯ ದೋಣಿ. ಶ್ರೀಮಂತರು ಪೈಪೋಟಿಯಿಂದ ಅದನ್ನು ಸಿಂಗರಿಸಿ ದಿವಾಳಿಯಾಗತೊಡಗಿದುದರಿಂದ 16ನೆಯ ಶತಮಾನದಲ್ಲಿ ಸರ್ಕಾರವೇ ಅಡ್ಡಬಂದು ಎಲ್ಲಕ್ಕೂ ಕರಿಬಣ್ಣವನ್ನು ಕಡ್ಡಾಯಮಾಡಿತು. ಒಂದೇ ಕಡೆ ಹುಟ್ಟು ಹಾಕುವ ಅಂಬಿಗನ ಭಾರವನ್ನು ಸರಿದೂಗಿಸಲು ಅದರ ಎಡಮಗ್ಗುಲನ್ನು ಬಲಕ್ಕಿಂತ ಉಬ್ಬಿಸಿ ಕಟ್ಟಿರುತ್ತಾರೆ. ಅರ್ಧ ಗಂಟೆಗೆ 90 ಯೂರೋ. ಹಾಡು ಬೇಕಾದರೆ ಅದಕ್ಕೆ ಬೇರೆ ದರ. ಗೌಡರು ಇದನ್ನು ರೂಪಾಯಿಗೆ ಪರಿವರ್ತಿಸಿ, ಅದನ್ನು ಮತ್ತೆ ತೊಗರಿಯ ಕ್ವಿಂಟಾಲಿಗೆ ಪರಿವರ್ತಿಸಿ, ಒಂದು ಕ್ಷಣ ಕಣ್ಣು ಮುಚ್ಚಿಕೊಂಡರು. ನಮ್ಮ ಪರಂಪರೆಯಲ್ಲಿ ಅಂಬಿಗರು ಹಣಕ್ಕಾಗಿ ಹಾಡಿದವರಲ್ಲ. 12ನೆಯ ಶತಮಾನದ ಅಂಬಿಗರ ಚೌಡಯ್ಯನು ದೋಣಿಯಲ್ಲಿ ಕುಳಿತವರನ್ನೂ ದಡದಲ್ಲಿ ನಿಂತವರನ್ನೂ ಭೇದವೆಣಿಸದೆ ಝಾಡಿಸಿದವನು, ಅದೂ ಉಚಿತವಾಗಿ.

ಇನ್ನು ಸಂತ ಮಾರ್ಕನ ದೇಗುಲ. 828ರಲ್ಲಿ ವೆನಿಸ್ಸಿನ ವರ್ತಕರು ಅಲೆಕ್ಸಾಂಡ್ರಿಯದಿಂದ ಆ ಸಂತನ ಪಾರ್ಥಿವ ದೇಹವನ್ನು ಅಪಹರಿಸಿ, ಸುಂಕದವರು ಮುಟ್ಟಿ ನೋಡದಂತೆ ಹಂದಿಮಾಂಸದ ಕೆಳಗೆ ಅಡಗಿಸಿ ತಂದರಂತೆ. ಆ ಕಥೆಯ ಬಲದ ಮೇಲೆ ಇಂದಿಗೂ ಅಲ್ಲಿ ಸಾಲು ಕರಗುವುದಿಲ್ಲ. ಕಥೆಯ ಸ್ವಾರಸ್ಯವೊಂದೇ ಮಾನದಂಡವಾದರೆ ಆಳಂದಕ್ಕೆ ಅದಕ್ಕಿಂತ ಉದ್ದವಾದ ಸಾಲು ಬರಬೇಕು. ಏಕಾಂತದ ರಾಮಯ್ಯನು ಆಳಂದದವನು. ಜೈನರೊಡನೆ ಪಣವೊಡ್ಡಿ ಅಬ್ಬಲೂರಿನಲ್ಲಿ ತನ್ನ ಶಿರಸ್ಸನ್ನೇ ಅರಿದು ಶಿವನಿಗೊಪ್ಪಿಸಿ, ಏಳನೆಯ ದಿನ ಅದನ್ನು ಮರಳಿ ಪಡೆದನೆಂದು ಅಬ್ಬಲೂರಿನ ಶಾಸನವೇ ಸಾರುತ್ತದೆ. ಆದರೂ ಆಳಂದದಲ್ಲಿ ಕೊರಳಿಗೆ ಕ್ಯಾಮೆರಾ ತೂಗುಹಾಕಿಕೊಂಡ ಒಬ್ಬ ಫಿರಂಗಿಯನ್ನೂ ನಾನು ಕಂಡಿಲ್ಲ. ಅದೇ ಊರಿನ ಲಾಡ್ಲೆ ಮಶಾಯಖರ ದರ್ಗಾಕ್ಕೆ ಬರುವ ಸಾವಿರಾರು ಮಂದಿಯಲ್ಲಿ ಒಬ್ಬನೂ ಅದನ್ನು ನೋಡಲು ಬಂದವನಲ್ಲ. ಮಗುವಿನ ಜ್ವರ, ಮಗಳ ಮದುವೆ, ಕೋರ್ಟಿನ ತಾರೀಖು, ಹೀಗೆ ಒಂದಿಲ್ಲೊಂದು ಕೆಲಸವನ್ನು ಹೊತ್ತು ಬಂದವನು. ಭೀಮಾತೀರದ ಘತ್ತರಗಿಯ ಭಾಗ್ಯವಂತಿಗೂ ಮಣ್ಣೂರಿನ ಯಲ್ಲಮ್ಮನಿಗೂ ಬರುವವರು ಹರಕೆ ತೀರಿಸಲು ಬರುತ್ತಾರೆ. ಜೇವರ್ಗಿಯ ಹೆದ್ದಾರಿಯಿಂದ ಅತ್ತ, ಭೀಮೆಯ ದಂಡೆಯಲ್ಲಿ ಬಹಮನಿ ಸುಲ್ತಾನ ಫಿರೋಜ್ ಷಹನು 1400ರ ಸುಮಾರಿಗೆ ಕಟ್ಟಿಸಿದ ಫಿರೋಜಾಬಾದಿನ ಅರಮನೆನಗರವು ಹಾಳುಸುರಿಯುತ್ತ ನಿಂತಿದೆ; ಮಸೀದಿಯಿದೆ, ಸ್ನಾನಗೃಹವಿದೆ, ಕೋಟೆಯ ಗೋಡೆಯಿದೆ. ನಮ್ಮ ಕಾಂಟಿಯು ವಿಜಯನಗರದಲ್ಲಿ ಬೆರಗಾಗುತ್ತಿದ್ದಾಗ ಇಲ್ಲಿ ಆಳುತ್ತಿದ್ದವನು ಈ ಫಿರೋಜನೇ. ಅಲ್ಲಿಗೂ ಜನರು ದರ್ಗಾಕ್ಕೆ ಬಂದು, ಸಕ್ಕರೆ ಓದಿಸಿ, ಅರಮನೆಯತ್ತ ಬೆನ್ನು ಮಾಡಿ ಉಂಡು ಹೋಗುತ್ತಾರೆ.

ಇದರಿಂದ ನಾನು ಕಂಡುಕೊಂಡ ಸಿದ್ಧಾಂತವಿಷ್ಟು: ನಮ್ಮ ಮೂರು ತಾಲ್ಲೂಕುಗಳಲ್ಲಿ ಪ್ರೇಕ್ಷಣೀಯ ಸ್ಥಳಗಳಿಗೆ ಬರಗಾಲವಿಲ್ಲ, ಪ್ರೇಕ್ಷಕರಿಗೆ ಬರಗಾಲ. ಕೆಲಸವಿಲ್ಲದೆ ಒಂದು ಸ್ಥಳಕ್ಕೆ ಹೋಗಿ, ಬರಿದೆ ನಿಂತು, ನೋಡಿ ಬರುವುದು ನಮ್ಮವರ ಜಾಯಮಾನದಲ್ಲಿಯೇ ಇಲ್ಲ. ಇದಕ್ಕಿರುವ ಅಪವಾದ ಒಂದೇ, ಅದು ನೀರು.

2020ರ ಅಕ್ಟೋಬರಿನಲ್ಲಿ ಇದು ಪ್ರತ್ಯಕ್ಷ ಪ್ರಮಾಣದಿಂದ ಸಿದ್ಧವಾಯಿತು. ಆ ತಿಂಗಳ ಮೊದಲ ವಾರದಲ್ಲಿ ವೆನಿಸ್ಸಿನವರು, ಉಬ್ಬರದಿಂದ ಊರನ್ನು ಕಾಯಲು ಬಹುಕಾಲದಿಂದ ನಿರ್ಮಿಸುತ್ತಿದ್ದ 78 ಗೇಟುಗಳನ್ನು ನೀರು ಒಳಗೆ ಬಾರದಂತೆ ಮೊಟ್ಟಮೊದಲು ಎಬ್ಬಿಸಿ ನಿಲ್ಲಿಸಿದರು; ಅದೇ ತಿಂಗಳು ಮಹಾರಾಷ್ಟ್ರದಿಂದ ಹರಿದುಬಂದ ಪ್ರವಾಹಕ್ಕೆ ಅಫಜಲಪುರ ತಾಲ್ಲೂಕಿನ ಸೊನ್ನದ ಬ್ಯಾರೇಜಿನಲ್ಲಿ ಗೇಟುಗಳನ್ನು ನೀರು ಹೊರಗೆ ಹೋಗುವಂತೆ ತೆರೆದರು. ಹಾನಿಯು ಅಪಾರವಾಯಿತು, ಊರುಗಳು ಮುಳುಗಿದುವು, ಅದು ನಗೆಯಾಡುವ ಮಾತಲ್ಲ. ಆದರೆ ಭೀಮೆಯು ಇಳಿಯತೊಡಗಿದ ಕೂಡಲೆ, ಕಟ್ಟಿಸಂಗಾವಿಯ ಸೇತುವೆಯ ಬದಿಯಲ್ಲಿ ಮೋಟಾರುಸೈಕಲ್ಲುಗಳು ಸಾಲುಗಟ್ಟಿದುವು. ಮಿರ್ಚಿ ಭಜ್ಜಿಯ ಬಂಡಿ ಎಲ್ಲಿಂದಲೋ ಪ್ರತ್ಯಕ್ಷವಾಯಿತು. ಪೊಲೀಸರು ಲಾಠಿ ಬೀಸಿ ಹಿಂದೆ ಸರಿಸುತ್ತ ತಾವೂ ಹೊರಳಿ ಹೊರಳಿ ನೋಡಿದರು. ಹೆಣ್ಣುಮಕ್ಕಳು ಗಂಗವ್ವನಿಗೆ ಅರಿಸಿನ ಕುಂಕುಮ ಏರಿಸಿ, ಆ ಕೆಲಸ ಮುಗಿದ ಮೇಲೂ ಮನೆಗೆ ಹೋಗಲೊಲ್ಲದೆ ನಿಂತರು. ಹರಕೆಯಿಲ್ಲ, ಮುಡಿಪಿಲ್ಲ, ತಾರೀಖಿಲ್ಲ, ಶುದ್ಧವಾದ ನೋಟ.

ಕಾಲುವೆಗೆ ನೀರು ಬಿಟ್ಟ ದಿನದ ವೈಭವವು ಇದಕ್ಕಿಂತ ಸಣ್ಣದಾದರೂ ಸವಿಯಾದುದು. "ಕೆನಾಲ್ ಚಾಲೂ ಆಗ್ಯಾದಂತ" ಎಂಬ ಸುದ್ದಿ ಬಂದ ಮೇಲೂ ನೀರು ಗೌಡರ ಟೇಲೆಂಡನ್ನು ಮುಟ್ಟಲು ಹಲವು ದಿವಸ ಹಿಡಿಯುತ್ತದೆ. ಮುಂಗುಡಿಯಲ್ಲಿ ಬರುವುದು ನೀರಲ್ಲ, ಕಂದು ನೊರೆ; ಅದರ ಮುಂದೆ ತೊಗರಿಕಟ್ಟಿಗೆ, ಗುಟ್ಕಾ ಚೀಟಿ, ಯಾರದೋ ಒಂಟಿ ಚಪ್ಪಲಿ; ಅದರ ಮುಂದೆ ಪ್ರಾಣಭಯದಿಂದ ಓಡುವ ಓತಿಕ್ಯಾತ; ಎಲ್ಲಕ್ಕೂ ಮುಂದೆ, ಕಾಲುವೆಯ ಒಣಗಿದ ತಳದಲ್ಲಿ ಹಿಮ್ಮುಖವಾಗಿ ನಡೆಯುತ್ತ, ನೀರನ್ನು ದನದಂತೆ ಕರೆಯುವ ಹುಡುಗರು. ಏರಿಯ ಮೇಲೆ ಗೌಡರು ಕೈಕಟ್ಟಿ ನಿಂತಿರುತ್ತಾರೆ. ರಿಯಾಲ್ಟೊ ಸೇತುವೆಯ ಮೇಲೆ ನಿಂತ ಸಹಸ್ರ ಮುಖಗಳಲ್ಲಿ ಆ ತನ್ಮಯತೆಯನ್ನು ನಾನು ಹುಡುಕಿದೆನು, ಕಾಣಲಿಲ್ಲ. ಅವರೆಲ್ಲ ನೀರಿಗೆ ಬೆನ್ನು ಮಾಡಿ ತಮ್ಮ ಚಿತ್ರವನ್ನೇ ತೆಗೆದುಕೊಳ್ಳುತ್ತಿದ್ದರು.

ನೋಟಕ್ಕೆ ಅರ್ಹವಾದುದು ಸುಂದರವಾದುದಲ್ಲ, ಮನೆಯಲ್ಲಿಲ್ಲದುದು ಎಂಬ ಈ ತತ್ತ್ವವನ್ನು ವೆನಿಸ್ ನಗರವೂ ತಡವಾಗಿ ಅಂಗೀಕರಿಸಿತು. 2023ರ ಫೆಬ್ರವರಿಯಲ್ಲಿ ಸಮುದ್ರದ ಇಳಿತವು ಅತಿಯಾಗಿ, ಅಲ್ಲಿನ ಸಣ್ಣ ಕಾಲುವೆಗಳು ಬತ್ತಿ, ಆ ಕರಿಯ ದೋಣಿಗಳು ಕೆಸರಿನಲ್ಲಿ ಕುಳಿತುಬಿಟ್ಟುವು. ಲೋಕದ ಪತ್ರಿಕೆಗಳೆಲ್ಲ ಆ ಒಣಗಾಲುವೆಯ ಚಿತ್ರವನ್ನು ಮಹದಾಶ್ಚರ್ಯವೆಂಬಂತೆ ಅಚ್ಚುಹಾಕಿದುವು. ನಾನು ಗೌಡರಿಗೆ ಆ ಚಿತ್ರವನ್ನು ತೋರಿಸಿದೆನು. ಕನ್ನಡಕವನ್ನು ಏರಿಸಿ, ತಜ್ಞದೃಷ್ಟಿಯಿಂದ ಬಹಳ ಹೊತ್ತು ಪರೀಕ್ಷಿಸಿ ಅವರು ಹೇಳಿದರು: "ಇದನ್ನ ನೋಡ್ಲಾಕ ಇಷ್ಟು ಮಂದಿ ಕೂಡ್ಯಾರೇನ್ರಿ? ಎಪ್ರಿಲ್‌ನಾಗ ನಮ್ ಹೊಲಕ್ಕ ಬರ್ಲಿ. ಟಿಕೀಟ್ ಇಲ್ಲ, ದೋಣಿನೂ ಬ್ಯಾಡ. ಚಪ್ಪಲಿ ಮೆಟ್ಕೊಂಡು ಕೆನಾಲ್ ನಟ್ಟನಡುವ ನಡಕೊಂಡೇ ಊರೆಲ್ಲ ನೋಡ್ಬಹುದು."